ಗಡಿಕಲ್ಲಿನಿಂದ ಮೂರು ಮೀಟರ್ ಮೂವತ್ತು

ಎಲ್ಲರೂ ಟೇಪಕ್ಕ ಎಂದು ಕರೆಯುವ ನಾನು, ವಯಸ್ಸು 36 ವರ್ಷ, ಕೆಲಸ ಭೂಮಿ ಹಕ್ಕಿನ ಸಂಘದಲ್ಲಿ ಜಾಗ ಅಳೆಯುವುದು, ವಾಸ ಕೆಳಗಿನ ಕೇರಿಯಲ್ಲಿ ನೀರಿನ ಟ್ಯಾಂಕಿನ ಹಿಂದಿನ ಎರಡನೇ ಮನೆ, ಈ ದಿನ 15ನೇ ತಾರೀಕು ಬೆಳಿಗ್ಗೆ 10-20ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ತೀರಿಕೊಂಡವರು ನನ್ನ ದೊಡ್ಡಪ್ಪ, ಅಂದರೆ ತಂದೆಯ ಅಣ್ಣ, ವಯಸ್ಸು 71. ಈ ಬಗ್ಗೆ 9ನೇ ತಾರೀಕು ಮಧ್ಯಾಹ್ನ ಒಂದು ಹೇಳಿಕೆ ಕೊಟ್ಟಿದ್ದೇನೆ. ಅದರಲ್ಲಿ ಸುಳ್ಳು ಹೇಳಿಲ್ಲ, ಒಂದು ಮಾತು ಬಿಟ್ಟುಹೋಗಿದೆ. ಬರೆದುಕೊಳ್ಳುತ್ತಿರುವವರು ನಿಧಾನವಾಗಿ ಹೇಳು ಎಂದಿದ್ದಾರೆ. ನಿಧಾನವಾಗಿಯೇ ಹೇಳುತ್ತಿದ್ದೇನೆ.

ನಮ್ಮ ಊರಿನ ದನಕರು ಮೇಯುವ ಬಯಲಿಗೆ ಕಲ್ಲು ಕ್ವಾರಿ ಅಂಟಿಕೊಂಡಿದೆ. ಬಯಲು ಊರಿನವರದು ಎಂದು ಬರೆದುಕೊಡಬೇಕೆಂದು 140 ಮನೆಯವರು ಸಹಿ ಹಾಕಿ ಸಂಘದ ಮೂಲಕ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಅರ್ಜಿಗೆ ನಕ್ಷೆ ಬೇಕು, ನಕ್ಷೆಗೆ ಅಳತೆ ಬೇಕು. ಗಡಿಕಲ್ಲುಗಳು ಒಟ್ಟು 23. ಹೆಚ್ಚಿನವು ಮಣ್ಣಿನಲ್ಲಿ ಹೂತುಹೋಗಿವೆ, ಅಗೆದು ಅಳೆದ ಮೇಲೆ ದನ ಎಡವದಂತೆ ಮತ್ತೆ ಮುಚ್ಚುತ್ತೇವೆ. ಎಲ್ಲಿ ಅಗೆದರೆ ಯಾವುದು ಸಿಗುತ್ತದೆ ಎಂದು ಗೊತ್ತಿದ್ದವರು ದೊಡ್ಡಪ್ಪ ಒಬ್ಬರೇ. 17ನೇ ಕಲ್ಲು ಮಾತ್ರ ಮೊಣಕಾಲೆತ್ತರ ಕಾಣುತ್ತದೆ. ಅಲ್ಲಿಂದ ಕ್ವಾರಿಯ ಕಡೆಗೆ 4 ಮೀಟರ್ ಅಗಲದ ಬಂಡಿದಾರಿ ಊರಿನದು, ಅದರಾಚೆ ಕ್ವಾರಿಯವರದು. ಹಾಗೆಂದು ಅವರೇ ಸಹಿ ಹಾಕಿದ ಕಾಗದ ಕಚೇರಿಯಲ್ಲಿದೆ.

ಸಂಘದಲ್ಲಿ ಇರುವುದು ಒಂದೇ ಟೇಪು, 30 ಮೀಟರಿನ ಬಟ್ಟೆ ಟೇಪು. ಎರಡು ವರ್ಷದ ಹಿಂದೆ ಜೀಪಿನ ಬಾಗಿಲಿಗೆ ಸಿಕ್ಕಿ ಅದರ ಮೊದಲ ಒಂದು ಮೀಟರ್ ಹರಿದುಹೋಯಿತು. ಈಗ ಅದು ಒಂದರಿಂದ ಶುರುವಾಗುತ್ತದೆ. ಹೊಸದು ಕೇಳಿದಾಗಲೆಲ್ಲ ಸಂಘದವರು ಮುಂದಿನ ತಿಂಗಳು ನೋಡೋಣ ಎನ್ನುತ್ತಾ ಬಂದರು. ಆದ್ದರಿಂದ ಎಷ್ಟು ಕಂಡರೂ ಒಂದು ಕಳೆದು ಬರೆಯುವುದು ನಮಗೆ ರೂಢಿ. ನಿನ್ನ ಟೇಪಿಗೂ ನನ್ನ ಹಾಗೆ ಮುಂದಿನ ಹಲ್ಲು ಉದುರಿದೆ ಎಂದು ದೊಡ್ಡಪ್ಪ ತಮಾಷೆ ಮಾಡುತ್ತಿದ್ದರು. ಅವರು ಹೆಜ್ಜೆಯಲ್ಲಿ ಅಳೆಯುತ್ತಿದ್ದರು.

ಹೋದ ತಿಂಗಳು ನನಗೆ ಜ್ವರ ಇದ್ದ ದಿನ ಆರು ಕಡೆ ಆ ಒಂದನ್ನು ಕಳೆಯುವುದನ್ನು ನಾನು ಮರೆತೆ. ನಕ್ಷೆ ವಾಪಸ್ಸು ಬಂತು. ಗೆರೆಗೆ ಗೆರೆ ಕೂಡುತ್ತಿಲ್ಲ ತಾಯಿ, ಮತ್ತೆ ಅಳೆದುಕೊಂಡು ಬಾ ಎಂದು ಕಚೇರಿಯ ಗುಮಾಸ್ತರು ಹೇಳಿದರು. ದೊಡ್ಡಪ್ಪನಿಗೆ ಮಂಡಿ ನೋವಿತ್ತು. ಮತ್ತೆ ಬರಬೇಕು ಎಂದು ಕೇಳಲು ನನಗೆ ನಾಚಿಕೆಯಾಯಿತು. ಅವರು, ತಪ್ಪು ನಿಂದು, ಮಂಡಿ ನಂದು, ನಡಿ ಹೋಗೋಣ ಎಂದರು.

9ನೇ ತಾರೀಕು ಬೆಳಿಗ್ಗೆ 7-40ಕ್ಕೆ ಮನೆ ಬಿಟ್ಟೆವು. 8-25ಕ್ಕೆ 17ನೇ ಕಲ್ಲಿನ ಹತ್ತಿರ ಬಂದೆವು. ಅಲ್ಲಿಯ ಅಳತೆ ಮುಗಿಸಿದೆವು. 8-50ರ ಹೊತ್ತಿಗೆ ದೊಡ್ಡಪ್ಪ ಬಂಡಿದಾರಿಯಲ್ಲಿ ಕ್ವಾರಿಗೆ ಬೆನ್ನು ಹಾಕಿ ನಿಂತು, 18ನೇ ಕಲ್ಲು ಯಾವ ದಿಕ್ಕಿಗೆ ಎಂದು ಕೋಲಿನಿಂದ ನೆಲ ಕುಟ್ಟಿ ನೋಡುತ್ತಿದ್ದರು. ನಾನು ಅವರಿಂದ 6 ಮೀಟರ್ ದೂರದಲ್ಲಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಕ್ವಾರಿಯ ಟಿಪ್ಪರ್ ಹಿಂದಕ್ಕೆ ಬಂತು. ಹಿಂದೆ ನಿಂತು ದಾರಿ ಹೇಳುವವರು ಯಾರೂ ಇರಲಿಲ್ಲ. ನಾನು ಕೂಗಿದೆ. ದೊಡ್ಡಪ್ಪನಿಗೆ ಎಡಗಿವಿ ಕೇಳುವುದಿಲ್ಲ. ಅವರು ಟಿಪ್ಪರಿನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿ ಏನೇ ಅದು ಎಂದು ಕೇಳಿದರು. ಉತ್ತರ ಹೇಳುವಷ್ಟು ಹೊತ್ತು ಇರಲಿಲ್ಲ.

ಡ್ರೈವರ್ ಗಾಡಿ ಮುಂದಕ್ಕೆ ತೆಗೆದು ಕೆಳಗಿಳಿದನು. ಕನ್ನಡಿಯಲ್ಲಿ ಕಾಣಲಿಲ್ಲ ಅಕ್ಕಾ, ದೇವರಾಣೆಗೂ ಕಾಣಲಿಲ್ಲ ಎಂದು ಹೇಳಿದನು. ದೊಡ್ಡಪ್ಪನ ಚಪ್ಪಲಿಗಳು ಒಂದೊಂದು ಕಡೆ ಬಿದ್ದಿದ್ದವು. ಅವನೇ ಎರಡನ್ನೂ ತಂದು ಕಲ್ಲಿನ ಪಕ್ಕ ಜೋಡಿಸಿಟ್ಟನು. ದೊಡ್ಡಪ್ಪನ ಉಸಿರು ಆಗಲೇ ನಿಂತಿತ್ತು, ಅವರನ್ನು ಯಾರೂ ಅಲುಗಿಸಲಿಲ್ಲ. ಕಾಲು ಗಡಿಕಲ್ಲಿನ ಕಡೆಗೆ, ತಲೆ ಕ್ವಾರಿಯ ಕಡೆಗೆ ಇತ್ತು.

10-35ಕ್ಕೆ ಹೆಡ್ ಕಾನ್‌ಸ್ಟೇಬಲ್ ಬಂದರು. ಅವರ ಟೇಪು ಠಾಣೆಯಲ್ಲೇ ಉಳಿದಿತ್ತು. ನಿಮ್ಮ ಹತ್ರ ಇದೆಯಲ್ಲಮ್ಮ, ಕೊಡಿ ಎಂದರು. ಕೊಟ್ಟೆ. ಹರಿದ ತುದಿಯನ್ನು ನಾನೇ ಕಲ್ಲಿಗೆ ಒತ್ತಿ ಹಿಡಿದೆ. ಅವರು ಟೇಪನ್ನು ದೊಡ್ಡಪ್ಪನ ತಲೆಯವರೆಗೆ ಎಳೆದು ನಾಲ್ಕು ಮೂವತ್ತು ಎಂದು ಕೂಗಿ ಬರೆದುಕೊಂಡರು. ಬೇರೆ ದಿನವಾಗಿದ್ದರೆ ಒಂದು ಕಳೆಯಿರಿ ಎಂದು ನನ್ನ ಬಾಯಿ ತಾನಾಗಿಯೇ ಹೇಳುತ್ತಿತ್ತು. ಆ ದಿನ ಹೇಳಲಿಲ್ಲ. ನಾನು ಚಪ್ಪಲಿ ನೋಡುತ್ತಿದ್ದೆ. ಮಹಜರು ಓದಿ ಹೇಳಿದರು, ಸಹಿ ಹಾಕಿದೆ. ಹೆಡ್ ಕಾನ್‌ಸ್ಟೇಬಲ್ ಮೇಲೆ ನನ್ನ ದೂರು ಏನೂ ಇಲ್ಲ. ಅವರು ನನಗೆ ಕುಡಿಯಲು ನೀರು ಕೊಟ್ಟರು.

13ನೇ ತಾರೀಕು ಸಂಜೆ 4ಕ್ಕೆ ಕ್ವಾರಿಯವರ ಕಾಗದ ದೊಡ್ಡಮ್ಮನಿಗೆ ಬಂತು. ನಾನು ಓದಿ ಹೇಳಿದೆ. ಮೃತನು ದಾರಿ ದಾಟಿ 30 ಸೆಂಟಿಮೀಟರ್ ಒಳಗೆ ಅಕ್ರಮವಾಗಿ ಬಂದಿದ್ದನು, ಜವಾಬ್ದಾರಿ ಅವನದೇ ಎಂದು ಅದರಲ್ಲಿದೆ. ಮೂವತ್ತು ಅಂದ್ರೆ ಎಷ್ಟೇ ಎಂದು ದೊಡ್ಡಮ್ಮ ಕೇಳಿದರು. ನಾನು ಎರಡು ಕೈ ಅಗಲಿಸಿ ತೋರಿಸಿದೆ. ಅವರು ನೋಡಿ, ಇಷ್ಟು ಜಾಗಕ್ಕೆ ಅವರನ್ನ ಕಳ್ಳನ್ನ ಮಾಡಿದ್ರಾ ಎಂದು ಕೇಳಿದರು. ಕೈ ಅಗಲಿಸಿಕೊಂಡೇ ಇದ್ದಾಗ ನನಗೆ ಟೇಪಿನ ನೆನಪು ಬಂತು.

ನಿನ್ನೆ 11 ಗಂಟೆಗೆ ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿದೆ. ಅವರು ಎದ್ದು ಬಾಗಿಲು ಹಾಕಿದರು. ಇಡೀ ಬಯಲನ್ನು ಅಳೆದದ್ದು ಅದೇ ಟೇಪಿನಲ್ಲಿ, ಅದು ಹರಿದಿದೆ ಎಂದು ಬರೆಸಿಕೊಟ್ಟರೆ ಕ್ವಾರಿಯವರ ವಕೀಲರು ನಕ್ಷೆಯನ್ನೇ ಹರಿದುಹಾಕುತ್ತಾರೆ ಎಂದರು. ಹೋದವರಂತೂ ಬರಲ್ಲ, ಬಯಲಾದ್ರೂ ಉಳೀಲಿ ಕಣಮ್ಮ ಎಂದರು. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷದಿಂದ ಈ ಬಯಲಿಗಾಗಿ ಓಡಾಡಿದ್ದಾರೆ. ನಾನು ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಈಗ ಟೇಪನ್ನೂ ಅಳತೆ ಪುಸ್ತಕವನ್ನೂ ಹಾಜರುಪಡಿಸಿದ್ದೇನೆ. ಪುಸ್ತಕದಲ್ಲಿ ಕಂಡದ್ದು ಒಂದು ಕಡೆ, ಕಳೆದದ್ದು ಒಂದು ಕಡೆ ಇದೆ. ನಾನು ತಪ್ಪಿದ ಆರು ಸಾಲಿಗೂ ಕೆಂಪು ಗೆರೆ ಎಳೆದಿದ್ದೇನೆ, ಅಳಿಸಿಲ್ಲ. ನಕ್ಷೆ ಹೋದರೆ ಮತ್ತೆ ಅಳೆಯಬೇಕಾಗುತ್ತದೆ. ಹೂತ ಕಲ್ಲುಗಳನ್ನು ತೋರಿಸುವವರು ಈಗ ಇಲ್ಲ ಎನ್ನುವುದೂ ನನಗೆ ಗೊತ್ತು. ಮೊದಲ ಸಲವೇ ನಾನು ಸರಿಯಾಗಿ ಕಳೆದಿದ್ದರೆ ಅವರು ಆ ದಿನ ಅಲ್ಲಿ ಇರುತ್ತಿರಲಿಲ್ಲ. ಅದನ್ನೂ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ.

ದೊಡ್ಡಪ್ಪನ ತಲೆ ಇದ್ದದ್ದು ಕಲ್ಲಿನಿಂದ 3 ಮೀಟರ್ 30 ಸೆಂಟಿಮೀಟರಿಗೆ. ದಾರಿ 4 ಮೀಟರ್. ಅವರು ಪೂರ್ತಿ ನಮ್ಮ ದಾರಿಯಲ್ಲೇ ಇದ್ದರು, ಇನ್ನೂ 70 ಸೆಂಟಿಮೀಟರ್ ಉಳಿದಿತ್ತು. ಒಳಗೆ ಬಂದದ್ದು ಟಿಪ್ಪರ್.

ಬರೆದದ್ದನ್ನು ನನಗೆ ಓದಿ ಹೇಳಿದರು, ನಾನು ಹೇಳಿದ ಹಾಗೆಯೇ ಇದೆ. ಇದರಲ್ಲಿ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಮಹಜರಿನಲ್ಲಿ ಮಾತ್ರ ಒಂದು ಕಳೆಯಬೇಕು.

ಸ್ಥಳ: ಠಾಣೆಯ ಮುಂದಿನ ಕೋಣೆ
ತಾರೀಕು: 15, ಸಮಯ ಬೆಳಿಗ್ಗೆ 11-45
ಹೇಳಿಕೆ ಕೊಟ್ಟವರ ಸಹಿ