ದಿಂಬಿನ ಕೆಳಗಿನ ಚಾಕು

ಅಕ್ಕಿಪೇಟೆಯಲ್ಲಿ ಒಂದು ಅಕ್ಕಿ ಕಾಳು ಬಿದ್ದರೆ ಬಸವನಗುಡಿಯಲ್ಲಿ ಕೂತೇ ಕೇಳಿಸಿಕೊಳ್ಳುವಂಥ ಕಿವಿ ಬದರೀನಾರಾಯಣರದು. ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಅವರು ಸೊಸೆಗಾಗಿ ಕಾಯುತ್ತಿದ್ದಾಗ, ಡಾಕ್ಟರ ಕೋಣೆಯಿಂದ ಈಚೆ ಬಂದ ಆಂಡಾಳಮ್ಮ ಎಂಬಾಕೆ ತಮ್ಮ ಬಾಣಂತಿ ಮಗಳು ಮಧುರಾಳ ಜೊತೆ ಅವರ ಪಕ್ಕದಲ್ಲೇ ಕೂತರು. ಬಾಣಂತಿಯ ತಲೆಗೆ ಆನೆಗೆ ಹೊದಿಸುವಷ್ಟು ಬಟ್ಟೆ ಕಟ್ಟಿತ್ತು. ಕೂಸು ಅಜ್ಜಿಯ ಮಡಿಲಲ್ಲಿತ್ತು.

“ಡಾಕ್ಟರ್ ಕೇಳಿದ್ದು ನನ್ನನ್ನಮ್ಮ. ಮನಸ್ಸು ಹೇಗಿದೆ, ಸುಮ್ಸುಮ್ನೆ ಅಳು ಬರುತ್ತಾ ಅಂತ. ಎಲ್ಲದಕ್ಕೂ ನೀನೇ ಉತ್ತರ ಕೊಟ್ಬಿಟ್ಟೆ.”

“ಚೆನ್ನಾಗಿದಾಳೆ ಅಂದೆ. ಲೇಹ್ಯ, ಎಣ್ಣೆನೀರು, ಸಾಂಬ್ರಾಣಿ, ಯಾವುದಕ್ಕೆ ಕಮ್ಮಿ ಮಾಡಿದೀನಿ?”

“ಚಾಕು.”

“ಯಾವ ಚಾಕು?”

“ಗಾಳಿ ಸೋಕಬಾರ್ದು ಅಂತ ದಿಂಬಿನ ಕೆಳಗೆ ಇಟ್ಟಿದ್ಯಲ್ಲ, ಅದು. ಮೊನ್ನೆ ನೀನೇ ತೆಗೆದ್ಬಿಟ್ಟೆ. ಅಡುಗೆಮನೇಲಿ ಈಳಿಗೆಮಣೇನೂ ಇಲ್ಲ.”

“ತರಕಾರಿ ಹೆಚ್ಚೋಕೆ ತಗೊಂಡೆ ಕಣೇ.”

“ತರಕಾರಿ ಪಕ್ಕದ್ಮನೇಲಿ ಹೆಚ್ಚಿಸ್ಕೊಂಡು ಬರ್ತಿದೀಯ.”

ಆಂಡಾಳಮ್ಮ ಕೂಸಿನ ಟೋಪಿ ಸರಿಮಾಡಿದರು.

“ನೀನು ಹುಟ್ಟಿದಾಗ ನಿಮ್ಮಜ್ಜಿನೂ ಹೀಗೇ ತೆಗೆದ್ರು. ಅವ್ರು ಏನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮೊನ್ನೆ ನೀನು ಗೋಡೆ ನೋಡ್ತಾ ಕೂತಿದ್ಯಲ್ಲ, ನಾನೂ ಹಾಗೇ ಕೂತಿರ್ತಿದ್ದೆ.”

“ಆಮೇಲೆ ಸರಿಹೋಯ್ತಾ?”

“ನಿಮ್ಮಜ್ಜಿ ಹೋಗೋವರೆಗೂ, ಮನೆ ಗುಡಿಸುವಾಗೆಲ್ಲ, ಆ ಚಾಕು ಎಲ್ಲಿಟ್ಟಿದಾರೆ ಅಂತ ಹುಡುಕ್ತಾನೇ ಇದ್ದೆ.”

ಮಧುರಾ ತಾಯಿಯ ಸೆರಗು ಹಿಡಿದುಕೊಂಡಳು.

“ಏಳು, ಮತ್ತೆ ಒಳಗೆ ಹೋಗೋಣ.”

“ನೀನು ಹೋಗಿ ಹೇಳು. ನಾನು ಆಚೆ ಇರ್ತೀನಿ.”

“ನೀನೂ ಬಾ. ನಿಂದು ಹೇಳೋಕೆ.”

ಇಬ್ಬರೂ ಎದ್ದು ಹೋದರು. ಬಾಗಿಲು ಮುಚ್ಚಿತು. ಊರಿಗೇ ದೊಡ್ಡ ಕಿವಿಯ ಬದರೀನಾರಾಯಣರಿಗೆ ಆಮೇಲೆ ಏನೊಂದೂ ಕೇಳಿಸಲಿಲ್ಲ.