ಬಂಡೆಯ ಮೇಲೆ ಮತ್ತೆ ಪಾಚಿ

ಜೇಜು ದ್ವೀಪದ ಕಿವಿ ಡಾಕ್ಟರರ ಕೋಣೆಯ ಹೊರಗೆ ಮಿಜಾ ತನ್ನ ಸರದಿಗಾಗಿ ಕಾದಿದ್ದಳು. ಎದುರು ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕಡಲಲ್ಲಿ ಮುಳುಗಿ ಪಾಚಿ, ಚಿಪ್ಪು ಆರಿಸುವ ಹೆಂಗಸರಿಬ್ಬರು ಕೂತಿದ್ದರು. ಕಿವಿ ಮಂದವಾದವರ ಮಾತು ಇಡೀ ಕೋಣೆಗೇ ಕೇಳುತ್ತಿತ್ತು.

“ಮಾಲ್ಸೂನಕ್ಕ, ಬಂಡೆ ಮೇಲೆ ಪಾಚಿ ಮೊಣಕೈಯುದ್ದ ಬಂದಿದೆ. ಇವತ್ತು ನಮ್ಮ ಮುಳುಗೋರ ಸಭೇಲಿ ಕೊಯ್ಲಿಗೆ ಬಿಡಿ ಅಂತ ಕೈ ಎತ್ತು.”

“ಹೇಗೆ ಬಂತು ಹೇಳು, ಯಂಗ್ರಾನ್. ಪಾಚಿ ಮೇಯ್ದು ಬಂಡೆ ಬೋಳಿಸಿದ್ದ ಮುಳ್ಳುಚೆಂಡಿನಂಥ ಪ್ರಾಣಿಗಳನ್ನ ಆರಿಸಿ ತೆಗೆದಿದ್ದಕ್ಕೆ. ಅದರೊಳಗೆ ತಿರುಳಿಲ್ಲ, ಬಿಸಾಕಿ ಅಂದವಳು ನೀನೇ.”

“ಕಡಲ ಸಂಶೋಧನಾಲಯದ ಹುಡುಗಿ ಅವನ್ನ ತೊಟ್ಟೀಲಿಟ್ಟು ಕೋಸು ಹಾಕಿ ಸಾಕ್ತೀನಿ ಅಂದಾಗ ನಕ್ಕವಳು ನೀನು. ಕಿಮ್ಚಿ ಉಪ್ಪಿನಕಾಯಿಗೆ ಅಂತ ಉಪ್ಪು ಹಚ್ಚಿದ ಕೋಸಿನೆಲೆ ಸುರಿದು ಅರ್ಧ ಸಾಯಿಸಿದವಳೂ ನೀನೇ.”

“ಕಿತ್ತಳೆ ಸಿಪ್ಪೆ ಕೊಟ್ಟು ನೋಡೋಣ ಅಂದವಳೂ ನಾನೇ. ಈಗ ಅವು ತಿರುಳು ತುಂಬಿಕೊಂಡಿವೆ, ಹೋಟೆಲಿನವರು ಬಾಗಿಲಿಗೆ ಬಂದು ಕೊಳ್ತಾರೆ. ಹೊಟ್ಟೆಗೆ ಅದು ಸಾಕು. ಬಂಡೆ ಇನ್ನೊಂದು ವರ್ಷ ಮುಚ್ಚಿರಲಿ, ಪಾಚಿ ಬೀಜ ಬಿಡಲಿ.”

“ನಿನ್ನ ಕಿವಿ ಇನ್ನೊಂದು ವರ್ಷ ತಡೆಯಲ್ಲ ಅಂತ ಡಾಕ್ಟರು ಹೋದ ಸಲಾನೇ ಹೇಳಿದ್ರು. ಆ ಬಂಡೇಲಿ ನೀನು ಮುಳುಗೋದು ಯಾವಾಗ?”

ಮಿಜಾ ಕೈಚೀಲದಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

“ನಾನು ಮುಳುಗಲ್ಲ. ನೀನು ಮುಳುಗ್ತೀಯಲ್ಲ.”

“ಮುಚ್ಚಿ ಅಂದ್ರೆ ಎಲ್ಲರೂ ನಿನ್ನ ಬೈತಾರೆ.”

“ಬೈಲಿ. ನಂಗೆ ಕೇಳಿಸಿದ್ರೆ ತಾನೆ? ಕೈ ಎತ್ತೋಕೆ ಕಿವಿ ಬೇಕಾಗಿಲ್ಲ.”

ನರ್ಸ್ ಅವಳ ಹೆಸರು ಕೂಗಿದಳು. ಮಾಲ್ಸೂನ್‌ಗೆ ಕೇಳಿಸಲಿಲ್ಲ. ಯಂಗ್ರಾನ್ ಅವಳ ತೋಳು ಹಿಡಿದು ಎಬ್ಬಿಸಿದಳು.

“ನಡಿಯಕ್ಕ. ಸಭೇಲಿ ನಿನ್ನ ಪಕ್ಕದಲ್ಲೇ ಕೂರ್ತೀನಿ. ಯಾರು ಏನು ಬೈದ್ರು ಅಂತ ಒಂದೂ ಬಿಡದೆ ಜೋರಾಗಿ ಹೇಳ್ತೀನಿ.”