ಗೇಟಿನಲ್ಲಿ ಒಬ್ಬನೇ

ಕೊಲ್ಲಿ ದೇಶದ ರುಸೈಲ್‌ನ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಉಮಾವತಿಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ವಾರಗಟ್ಟಲೆ ಯಾರೊಡನೆಯೂ ಕನ್ನಡ ಮಾತಾಡಿರದ ಅವಳು ತಲೆ ತಗ್ಗಿಸಿಕೊಂಡೇ ಕಿವಿಗೊಟ್ಟಳು. ಐವತ್ತು ದಾಟಿದ ಒಬ್ಬನ ಕೈಗೆ ಪ್ಲಾಸ್ಟರ್ ಹಾಕಿತ್ತು. ಎದುರಿಗೆ ನಿಂತಿದ್ದ ಇನ್ನೊಬ್ಬ ಕಬಡ್ಡಿ ಕ್ಲಬ್ಬಿನ ಕಾರ್ಯದರ್ಶಿ ಎಂದು ಮಾತಿನಿಂದ ತಿಳಿಯಿತು.

“ಕೊಗ್ಗಣ್ಣ, ಈ ಕಾಗದದಲ್ಲಿ ಕಾಲು ಜಾರಿ ಬಿದ್ದೆ ಅಂತ ಬರೆದುಕೊಡಿ.”

“ಜಾರಿದ್ದಲ್ಲ ಕಿಶನ್ ಸರ್. ಫೈನಲ್‌ನಲ್ಲಿ ಗಲಾಟೆ ಆಗಿ ಜನ ಗೇಟಿಗೆ ನುಗ್ಗಿದ್ರು. ನಾನು ಅವರ ಕಾಲಡಿಗೆ ಬಿದ್ದೆ.”

“ಸೆಕ್ಯೂರಿಟಿ ಯಾಕೆ ಇಡಲಿಲ್ಲ ಅಂತ ಪೊಲೀಸರು ಕೇಳ್ತಾರೆ. ಮುಂದಿನ ವರ್ಷ ಪರ್ಮಿಷನ್ ಸಿಗಲ್ಲ. ಕ್ಲಬ್ ಖಲಾಸ್.”

“ಗೇಟಿಗೆ ಆರು ಜನ ಕೊಡ್ತೇನೆ ಅಂದಿದ್ರಿ. ಇದ್ದದ್ದು ನಾನೊಬ್ಬ. ಮೂರು ಸಲ ಫೋನ್ ಮಾಡಿದೆ.”

“ಸ್ಟೇಜ್ ಮೇಲಿದ್ದೆ. ಕೇಳಿಸಲಿಲ್ಲ.”

“ಬಿದ್ದಲ್ಲಿಂದ ಒಬ್ಬೊಬ್ಬರದ್ದೂ ಹೆಸರು ಹಿಡಿದು ಕರೆದೆ. ಹನ್ನೆರಡು ವರ್ಷ ಒಟ್ಟಿಗೆ ಇದ್ದವರು ದಾಟಿಕೊಂಡು ಹೋದ್ರು. ಎತ್ತಿ ಕಾರಿಗೆ ಹತ್ತಿಸಿದವ ಯಾರೋ ಗುರ್ತ ಇಲ್ಲದ ಜನ.”

ಕಿಶನ್ ಕಾಗದವನ್ನು ಮತ್ತೆ ಅವನ ಮುಂದೆ ಚಾಚಿದ. “ಈ ಕ್ಲಬ್ ಬಿಟ್ರೆ ನಮಗೆ ಇಲ್ಲಿ ಏನಿದೆ ಹೇಳಿ?”

“ನನಗೂ ಶುಕ್ರವಾರ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ. ಆದ್ರೆ ಸುಳ್ಳು ಬರೀಲಿಕ್ಕೆ ಆಗುದಿಲ್ಲ. ನಾಳೆ ಆ ಗೇಟಲ್ಲಿ ಇನ್ನೊಬ್ಬ ನಿಲ್ತಾನಲ್ಲ.”

ಕಿಶನ್ ಕಾಗದವನ್ನು ಮಡಚಿ ಜೇಬಿಗಿಟ್ಟು, ತಿರುಗಿ ನೋಡದೆ ಹೊರಟುಹೋದ. ಕೊಗ್ಗ ನಿಧಾನವಾಗಿ ಎದ್ದು ಬಂದು ಗಾಜಿನ ಬಾಗಿಲನ್ನು ಭುಜದಿಂದ ತಳ್ಳತೊಡಗಿದ. ಉಮಾವತಿ ಓಡಿಹೋಗಿ ಬಾಗಿಲು ಹಿಡಿದಳು. ಊರು ಯಾವುದೆಂಬ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲಿತ್ತು.

“ಶುಕ್ರಿಯಾ, ಬೆಹನ್‌ಜೀ,” ಎಂದು ಅವನು ಹಿಂದಿಯಲ್ಲಿ ಹೇಳಿ ಬಿಸಿಲಿಗೆ ಇಳಿದುಹೋದ.